ಜೀವದಾತ ಲೂಯಿ ಪಾಶ್ಚರ್

ಮಾನವಕುಲವನ್ನು ಕಾಡಿದ ರೋಗಗಳು ಅನೇಕ. ಪ್ಲೇಗು, ಕಾಲರಾ, ಸಿಡುಬುಗಳು ಊರಿಗೆ ಊರನ್ನೇ ಬರಿದು ಮಾಡಿದುವು. ಆದರೆ ಹುಚ್ಚುನಾಯಿಯ ಕಡಿತದಿಂದ ಬರುವ ರೋಗವು ಹುಟ್ಟಿಸಿದ ಭೀತಿಯೇ ಬೇರೆ. ಸಿಡುಬು ತಗುಲಿದವರಲ್ಲಿ ಹಲವರು ಬದುಕಿ ಉಳಿಯುತ್ತಿದ್ದರು. ಈ ರೋಗದ ಚಿಹ್ನೆಗಳು ತೋರಿದ ಮೇಲೆ ಬದುಕುವ ಆಸೆಯೇ ಇರಲಿಲ್ಲ. ಬಾಯಾರಿಕೆಯಿಂದ ಗಂಟಲು ಒಣಗುತ್ತಿದ್ದರೂ ರೋಗಿಯು ನೀರನ್ನು ಕಂಡೊಡನೆ ಬೆಚ್ಚಿಬೀಳುತ್ತಿದ್ದನು. ಸುಶ್ರುತ ಸಂಹಿತೆಯು ಇದನ್ನು ಜಲತ್ರಾಸವೆಂದು ಹೆಸರಿಸಿ, ನೀರಿಗೆ ಅಂಜಿದ ರೋಗಿಯು ಬದುಕಲಾರನೆಂದು ಹೇಳುತ್ತದೆ. ಕಚ್ಚಿದ ಜಾಗದಿಂದ ರಕ್ತವನ್ನು ಹೊರಡಿಸಿ, ಕಾದ ತುಪ್ಪದಿಂದ ಗಾಯವನ್ನು ಸುಡಬೇಕೆಂದೂ ಅದರಲ್ಲಿ ವಿಧಿಸಲಾಗಿದೆ. ವಿಷವು ಮೊದಲು ಗಾಯದಲ್ಲಿಯೇ ಇರುತ್ತದೆಂಬುದನ್ನು ಪ್ರಾಚೀನರು ಅರಿತಿದ್ದರು. ಅದು ಗಾಯವನ್ನು ದಾಟಿ ಮುಂದೆ ಹೋದ ಮೇಲೆ ಮಾಡುವುದೇನೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಟ್ಟವನು ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರ್.

ಪಾಶ್ಚರನು 1822ನೆಯ ಇಸವಿ ಡಿಸೆಂಬರ್ 27ರಂದು ಫ್ರಾನ್ಸಿನ ಪೂರ್ವಭಾಗದ ಡೋಲ್ ಎಂಬ ಪಟ್ಟಣದಲ್ಲಿ ಜನಿಸಿದನು. ಅವನ ತಂದೆ ಚರ್ಮ ಹದಮಾಡುವ ಕಸುಬಿನವನು. ಹಿಂದೆ ನೆಪೋಲಿಯನ್ನನ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವನು. ಸಂಸಾರವು ಮುಂದೆ ಆರ್ಬ್ವಾ ಎಂಬ ಸಣ್ಣ ಊರಿನಲ್ಲಿ ನೆಲೆಸಿತು. ಬಾಲಕನ ಓದುಬರಹವೆಲ್ಲ ಮೊದಲಾದುದು ಆ ಊರಿನಲ್ಲಿಯೇ.

1831ರ ಅಕ್ಟೋಬರ್ ತಿಂಗಳಿನಲ್ಲಿ ಆ ಸೀಮೆಯಲ್ಲಿ ಹುಚ್ಚು ಹಿಡಿದ ತೋಳವೊಂದು ಕಾಣಿಸಿಕೊಂಡಿತು. ಅದು ಹಳ್ಳಿಯಿಂದ ಹಳ್ಳಿಗೆ ನುಗ್ಗಿ ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕಚ್ಚಿತು. ಗಾಯಗೊಂಡವರನ್ನು ಪಾಶ್ಚರನ ಮನೆಯ ಸಮೀಪದಲ್ಲಿದ್ದ ಕಮ್ಮಾರಸಾಲೆಗೆ ಕರೆತರುತ್ತಿದ್ದರು. ಕುಲುಮೆಯಲ್ಲಿ ಕಾಸಿದ ಕಬ್ಬಿಣದಿಂದ ಅವರ ಗಾಯಗಳನ್ನು ಸುಡುವುದೇ ಆ ಕಾಲದಲ್ಲಿ ತಿಳಿದಿದ್ದ ಚಿಕಿತ್ಸೆ. ಅಷ್ಟು ಯಾತನೆಯನ್ನು ಸಹಿಸಿದರೂ ಹಲವರು ಕೆಲವು ವಾರಗಳಲ್ಲಿ ಮರಣ ಹೊಂದಿದರು. ಆಗ ಪಾಶ್ಚರನಿಗೆ ಒಂಬತ್ತು ವರ್ಷವೂ ತುಂಬಿರಲಿಲ್ಲ. ಆ ಶರತ್ಕಾಲದ ಭೀತಿಯು ಅವನ ನೆನಪಿನಿಂದ ಅಳಿಯಲಿಲ್ಲ. ಅದನ್ನು ಎದುರಿಸುವ ಶಕ್ತಿ ಅವನಿಗೆ ಬಂದುದು ಅರ್ಧ ಶತಮಾನ ಕಳೆದ ಮೇಲೆ.

ಪಾಶ್ಚರನು ವೈದ್ಯನಲ್ಲ, ರಸಾಯನಶಾಸ್ತ್ರಜ್ಞ. ಪ್ಯಾರಿಸ್ಸಿನಲ್ಲಿ ವ್ಯಾಸಂಗ ಮಾಡಿ, 1848ರಲ್ಲಿ ಹರಳುಗಳ ರಚನೆಯನ್ನು ಕುರಿತು ಮಾಡಿದ ಸಂಶೋಧನೆಯಿಂದ ವಿದ್ವಾಂಸರ ಗಮನವನ್ನು ಸೆಳೆದನು. ಅನಂತರ ಅವನು ಹುದುಗುವಿಕೆಯನ್ನು ಅಭ್ಯಾಸ ಮಾಡಿದನು. ಹಾಲು ಹುಳಿಯಾಗುವುದಕ್ಕೂ ದ್ರಾಕ್ಷಿಯ ರಸವು ಮದ್ಯವಾಗುವುದಕ್ಕೂ ಕಣ್ಣಿಗೆ ಕಾಣದ ಜೀವಿಗಳೇ ಕಾರಣವೆಂದು ತೋರಿಸಿದನು. ಅಂತಹ ಜೀವಿಗಳು ತಮ್ಮಷ್ಟಕ್ಕೆ ತಾವೇ ಹುಟ್ಟಿಕೊಳ್ಳುತ್ತವೆಂಬ ಹಳೆಯ ನಂಬಿಕೆಯನ್ನು, ಹಂಸದ ಕೊರಳಿನಂತೆ ಬಾಗಿದ ಗಾಜಿನ ಪಾತ್ರೆಗಳ ಸಹಾಯದಿಂದ ಸುಳ್ಳೆಂದು ಸಿದ್ಧಪಡಿಸಿದನು. ಹಾಲನ್ನು ಹದವಾಗಿ ಕಾಯಿಸಿ ಕೆಡದಂತೆ ಮಾಡುವ ಕ್ರಮಕ್ಕೆ ಇಂದಿಗೂ ಅವನ ಹೆಸರೇ ಇದೆ.

1865ರಲ್ಲಿ ಫ್ರಾನ್ಸಿನ ರೇಷ್ಮೆ ಕೃಷಿಯು ರೋಗದಿಂದ ನಾಶವಾಗುವ ಸ್ಥಿತಿಗೆ ಬಂದಾಗ, ಸರ್ಕಾರವು ಪಾಶ್ಚರನ ನೆರವನ್ನು ಕೋರಿತು. ಅದಕ್ಕೆ ಮುಂಚೆ ಅವನು ರೇಷ್ಮೆಹುಳುವನ್ನು ಕೈಯಲ್ಲಿ ಹಿಡಿದವನೂ ಅಲ್ಲ. ಆದರೂ ಹಲವು ವರ್ಷಗಳ ಪರಿಶ್ರಮದಿಂದ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ ಮೊಟ್ಟೆಗಳನ್ನು ಮಾತ್ರ ಸಾಕಣೆಗೆ ಬಿಡುವ ವಿಧಾನವನ್ನು ರೂಪಿಸಿದನು. ರಾಮನಗರ, ಶಿಡ್ಲಘಟ್ಟದ ರೈತರು ಸಾಕುವ ಹುಳುಗಳನ್ನು ಗಂಟುರೋಗದಿಂದ ರಕ್ಷಿಸಲು ಬಿತ್ತನೆ ಕೇಂದ್ರಗಳಲ್ಲಿ ನಡೆಯುವ ಪರೀಕ್ಷೆಗೂ ಅದೇ ಮೂಲ.

ಈ ಸಾಧನೆಗಳ ನಡುವೆ ಅವನ ಸಂಸಾರದಲ್ಲಿ ದುಃಖವು ತುಂಬಿತ್ತು. ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರಲ್ಲಿ ಇಬ್ಬರನ್ನು ಬಲಿ ತೆಗೆದುಕೊಂಡುದು ವಿಷಮಶೀತ ಜ್ವರ. 1868ರಲ್ಲಿ ಪಾಶ್ಚರನೇ ಪಾರ್ಶ್ವವಾಯುವಿಗೆ ತುತ್ತಾದನು. ಎಡಗೈ ಎಡಗಾಲುಗಳು ಮತ್ತೆ ಪೂರ್ತಿಯಾಗಿ ಸ್ವಾಧೀನಕ್ಕೆ ಬರಲಿಲ್ಲ. ಆಗ ಅವನಿಗೆ ಇನ್ನೂ ನಲವತ್ತಾರು ವರ್ಷ ತುಂಬಿರಲಿಲ್ಲ. ಲಸಿಕೆಗಳನ್ನು ಕುರಿತ ಅವನ ಕಾರ್ಯಗಳೆಲ್ಲ ಇದರ ಅನಂತರ ನಡೆದುವೆಂಬುದನ್ನು ನೆನೆದರೆ ಆ ಮನೋಬಲಕ್ಕೆ ಯಾರಾದರೂ ತಲೆಬಾಗಬೇಕು.

ರೋಗಾಣುಗಳ ಶಕ್ತಿಯನ್ನು ಕುಂದಿಸಿ ದೇಹಕ್ಕೆ ಸೇರಿಸಿದರೆ, ದೇಹವು ಆ ರೋಗವನ್ನು ಎದುರಿಸಲು ಸಿದ್ಧವಾಗುತ್ತದೆಂಬುದನ್ನು ಪಾಶ್ಚರನು ಕೋಳಿಗಳ ಕಾಲರಾ ರೋಗದಲ್ಲಿ ಕಂಡುಕೊಂಡನು. 1881ರಲ್ಲಿ ಕುರಿಗಳಿಗೆ ಬರುವ ಆಂಥ್ರಾಕ್ಸ್ ರೋಗಕ್ಕೆ ಲಸಿಕೆ ಹಾಕಿ, ಪ್ಯಾರಿಸ್ಸಿನ ಹೊರಗಿನ ಒಂದು ತೋಟದಲ್ಲಿ ಜನರ ಎದುರಿನಲ್ಲಿಯೇ ಅದರ ಫಲವನ್ನು ತೋರಿಸಿದನು. ಇದಕ್ಕೆ ಒಂದು ವರ್ಷ ಮುಂಚೆಯೇ ಅವನ ಮನಸ್ಸು ಹುಚ್ಚುನಾಯಿ ರೋಗದ ಕಡೆಗೆ ತಿರುಗಿತ್ತು.

ಈ ಕೆಲಸವು ಅಪಾಯದಿಂದ ಕೂಡಿತ್ತು. ಹುಚ್ಚುನಾಯಿಗಳನ್ನು ಪ್ರಯೋಗಶಾಲೆಯಲ್ಲಿಯೇ ಇರಿಸಿಕೊಳ್ಳಬೇಕಾಗಿತ್ತು. ಒಮ್ಮೆ ನೊರೆ ಸುರಿಸುತ್ತಿದ್ದ ನಾಯಿಯೊಂದನ್ನು ಸಹಾಯಕರು ಮೇಜಿಗೆ ಕಟ್ಟಿ ಹಿಡಿದಿರಲು, ಪಾಶ್ಚರನು ಗಾಜಿನ ಕೊಳವೆಯನ್ನು ತುಟಿಗಳಲ್ಲಿ ಹಿಡಿದು ಅದರ ಜೊಲ್ಲನ್ನು ಹೀರಿ ಸಂಗ್ರಹಿಸಿದನೆಂದು ಅವನ ಜೀವನಚರಿತ್ರೆಯು ತಿಳಿಸುತ್ತದೆ. ಎಷ್ಟು ಹುಡುಕಿದರೂ ರೋಗಾಣುವು ಸೂಕ್ಷ್ಮದರ್ಶಕಕ್ಕೆ ಗೋಚರಿಸಲಿಲ್ಲ. ಅದು ಅಂದಿನ ಉಪಕರಣಗಳಿಗೆ ನಿಲುಕದಷ್ಟು ಸಣ್ಣದಾದ ವೈರಸ್ ಎಂಬುದು ಜಗತ್ತಿಗೆ ತಿಳಿದುದು ಅವನ ಕಾಲಾನಂತರ. ಕಾಣದ ಶತ್ರುವು ಎಲ್ಲಿ ಅಡಗಿದೆಯೆಂಬುದನ್ನಾದರೂ ಅವನು ಅರಿತನು. ಅದು ನರಗಳ ಮಾರ್ಗವಾಗಿ ನಡೆದು, ಬೆನ್ನುಹುರಿಯನ್ನೂ ಮಿದುಳನ್ನೂ ಸೇರಿ ಅಲ್ಲಿ ಬೆಳೆಯುತ್ತದೆ. ಮಿದುಳನ್ನು ತಲಪಿದ ಮೇಲೆಯೇ ರೋಗದ ಚಿಹ್ನೆಗಳು ತೋರುವುದು.

ಈ ಪಯಣವು ನಿಧಾನವಾದುದು. ಕಚ್ಚಿಸಿಕೊಂಡ ದಿನದಿಂದ ರೋಗವು ಕಾಣಿಸಿಕೊಳ್ಳಲು ಕೆಲವು ವಾರಗಳು, ಎಷ್ಟೋ ವೇಳೆ ಕೆಲವು ತಿಂಗಳುಗಳೇ ಹಿಡಿಯುತ್ತವೆ. ಸಾಮಾನ್ಯ ಜನರು ಈ ಅವಧಿಯನ್ನು ಸಾವಿಗಾಗಿ ಕಾಯುವ ಕಾಲವೆಂದು ತಿಳಿದಿದ್ದರು. ಅದು ಮನುಷ್ಯನಿಗೆ ದೊರೆತ ಅವಕಾಶವೆಂದು ಪಾಶ್ಚರನು ಭಾವಿಸಿದನು. ರೋಗವು ಮಿದುಳನ್ನು ಮುಟ್ಟುವುದರೊಳಗಾಗಿ ದೇಹಕ್ಕೆ ರಕ್ಷಣೆಯನ್ನು ಒದಗಿಸಿದರೆ ಕಚ್ಚಿಸಿಕೊಂಡವನನ್ನೂ ಉಳಿಸಬಹುದಲ್ಲವೇ? ಇತರ ಲಸಿಕೆಗಳನ್ನು ರೋಗ ತಗುಲುವ ಮುನ್ನ ಹಾಕಬೇಕು. ಇದನ್ನು ತಗುಲಿದ ಮೇಲೆಯೂ ಹಾಕಬಹುದು. ಪಾಶ್ಚರನ ಪ್ರತಿಭೆ ಇಲ್ಲಿ ಬೆಳಗುತ್ತದೆ.

ಅವನೂ ಅವನ ಸಹಾಯಕನಾದ ಎಮಿಲ್ ರೂ ಎಂಬ ತರುಣ ವೈದ್ಯನೂ ಮೊಲಗಳಲ್ಲಿ ರೋಗವನ್ನು ಬೆಳೆಸಿದರು. ಸತ್ತ ಮೊಲದ ಬೆನ್ನುಹುರಿಯ ತುಂಡನ್ನು, ತೇವವನ್ನು ಹೀರುವ ಕ್ಷಾರವಿದ್ದ ಸೀಸೆಯಲ್ಲಿ ತೂಗುಹಾಕಿದರು. ದಿನ ಕಳೆದಂತೆ ಅದರ ವಿಷಶಕ್ತಿಯು ಕುಗ್ಗುತ್ತ ಹೋಗಿ, ಸುಮಾರು ಎರಡು ವಾರಗಳಲ್ಲಿ ಇಲ್ಲವಾಯಿತು. ಹೆಚ್ಚು ಒಣಗಿದ ಹುರಿಯಿಂದ ಆರಂಭಿಸಿ ಕ್ರಮಕ್ರಮವಾಗಿ ಹೊಸ ಹುರಿಯವರೆಗೆ ಚುಚ್ಚುತ್ತ ಬಂದರೆ, ದೇಹವು ಮೆಟ್ಟಿಲು ಮೆಟ್ಟಿಲಾಗಿ ಬಲಗೊಳ್ಳುವುದೆಂದು ಪಾಶ್ಚರನು ತರ್ಕಿಸಿದನು. ನಾಯಿಗಳ ಮೇಲಿನ ಪ್ರಯೋಗಗಳು ಇನ್ನೂ ನಡೆಯುತ್ತಿದ್ದುವು. ಮನುಷ್ಯನ ಮೇಲೆ ಪ್ರಯೋಗಿಸುವ ಧೈರ್ಯ ಅವನಿಗೆ ಬಂದಿರಲಿಲ್ಲ.

ಆದರೆ ಕಾಲವು ಅವನಿಗಾಗಿ ಕಾಯಲಿಲ್ಲ. 1885ರ ಜುಲೈ 4ರಂದು ಆಲ್ಸೇಸ್ ಪ್ರಾಂತದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನನ್ನು ದಾರಿಯಲ್ಲಿ ಹುಚ್ಚುನಾಯಿಯೊಂದು ಕೆಡವಿ, ಕೈಕಾಲು ತೊಡೆಗಳ ಮೇಲೆ ಹದಿನಾಲ್ಕು ಕಡೆ ಕಚ್ಚಿತು. ಸ್ಥಳೀಯ ವೈದ್ಯನು ಹನ್ನೆರಡು ಗಂಟೆಗಳ ತರುವಾಯ ಗಾಯಗಳಿಗೆ ಕಾರ್ಬಾಲಿಕ್ ಆಮ್ಲವನ್ನು ಹಚ್ಚಿದನು. ಜುಲೈ 6ರಂದು ತಾಯಿಯು ಮಗನನ್ನು ಕರೆದುಕೊಂಡು ಪ್ಯಾರಿಸ್ಸಿಗೆ ಬಂದು ಪಾಶ್ಚರನ ಬಾಗಿಲಲ್ಲಿ ನಿಂತಳು. ನೋವಿನಿಂದ ಹುಡುಗನು ನಡೆಯಲಾರದೆ ಇದ್ದನು.

ಪಾಶ್ಚರನು ಧರ್ಮಸಂಕಟಕ್ಕೆ ಸಿಲುಕಿದನು. ಲಸಿಕೆಯನ್ನು ಹಾಕಿ ಹುಡುಗನು ಸತ್ತರೆ ತಾನೇ ಕೊಂದೆನೆಂಬ ಅಪವಾದ ತಪ್ಪದು. ಹಾಕದೆ ಕೈಬಿಟ್ಟರೆ ಸಾವು ಬಹುಮಟ್ಟಿಗೆ ಖಚಿತ. ಅವನು ವುಲ್ಪಿಯನ್ ಮತ್ತು ಗ್ರಾಂಶೆ ಎಂಬ ಇಬ್ಬರು ಹಿರಿಯ ವೈದ್ಯರಿಗೆ ಗಾಯಗಳನ್ನು ತೋರಿಸಿ ಅವರ ಸಲಹೆಯನ್ನು ಕೇಳಿದನು. ಅವರು ಸಮ್ಮತಿಸಿದರು. ಪಾಶ್ಚರನಿಗೆ ವೈದ್ಯವೃತ್ತಿಯ ಅಧಿಕಾರವಿಲ್ಲದ ಕಾರಣ ಅಂದು ಸಂಜೆ ಗ್ರಾಂಶೆಯು ಮೊದಲನೆಯ ಚುಚ್ಚುಮದ್ದನ್ನು ಕೊಟ್ಟನು. ಹತ್ತು ದಿನಗಳಲ್ಲಿ ಒಟ್ಟು ಹದಿಮೂರು ಚುಚ್ಚುಮದ್ದುಗಳಾದುವು. ದಿನದಿನಕ್ಕೂ ಮದ್ದಿನ ತೀಕ್ಷ್ಣತೆ ಹೆಚ್ಚಿದಂತೆ ಪಾಶ್ಚರನ ಕಳವಳವೂ ಹೆಚ್ಚಿತು. ಹುಡುಗನು ಪ್ರಯೋಗಶಾಲೆಯ ಮೊಲಗಳೊಡನೆ ಆಡುತ್ತಿದ್ದನು. ಮುದುಕನಾಗುತ್ತಿದ್ದ ವಿಜ್ಞಾನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ವಾರಗಳು ಕಳೆದುವು, ಜೋಸೆಫನಿಗೆ ಏನೂ ಆಗಲಿಲ್ಲ. ಅವನು ಬೆಳೆದು ದೊಡ್ಡವನಾಗಿ, ಮುಂದೆ ಪಾಶ್ಚರ್ ಸಂಸ್ಥೆಯಲ್ಲಿಯೇ ದ್ವಾರಪಾಲಕನಾಗಿ ಸೇವೆ ಸಲ್ಲಿಸಿ, 1940ರವರೆಗೆ ಬದುಕಿದ್ದನು.

ಅದೇ ವರ್ಷದ ಅಕ್ಟೋಬರಿನಲ್ಲಿ ಪಾಶ್ಚರನ ಹುಟ್ಟೂರಿನ ಸೀಮೆಯಿಂದಲೇ ಜ್ಯೂಪಿಯ್ ಎಂಬ ಕುರುಬರ ಹುಡುಗನು ಬಂದನು. ಚಿಕ್ಕ ಮಕ್ಕಳ ಮೇಲೆ ಎರಗುತ್ತಿದ್ದ ಹುಚ್ಚುನಾಯಿಗೆ ಅಡ್ಡನಿಂತು, ಅದರೊಡನೆ ಸೆಣಸಿ, ಕೈಗಳಿಗೆ ಆಳವಾದ ಗಾಯಗಳನ್ನು ಮಾಡಿಕೊಂಡ ಧೀರನು ಅವನು. ಕಚ್ಚಿ ಆರು ದಿನಗಳಾಗಿದ್ದರೂ ಅವನು ಉಳಿದುಕೊಂಡನು.

ಆದರೆ ನವೆಂಬರಿನಲ್ಲಿ ಬಂದ ಲೂಯಿಸ್ ಪೆಲ್ಟಿಯೆ ಎಂಬ ಹತ್ತು ವರ್ಷದ ಬಾಲಕಿಯ ಕಥೆ ಬೇರೆ. ನಾಯಿಯು ಅವಳ ತಲೆಯನ್ನು ಕಚ್ಚಿತ್ತು. ಅವಳನ್ನು ಕರೆತರುವ ವೇಳೆಗೆ ಮೂವತ್ತೇಳು ದಿನಗಳು ಕಳೆದುಹೋಗಿದ್ದುವು. ತಲೆಯ ಗಾಯದಿಂದ ಮಿದುಳಿಗೆ ಇರುವ ದಾರಿ ಬಹಳ ಕಡಿಮೆ. ಚಿಕಿತ್ಸೆ ಫಲಿಸುವುದು ಕಷ್ಟವೆಂದೂ, ಸೋತರೆ ತನ್ನ ವಿಧಾನಕ್ಕೇ ಕಳಂಕ ಬರುವುದೆಂದೂ ಪಾಶ್ಚರನಿಗೆ ಗೊತ್ತಿತ್ತು. ಆದರೂ ತಂದೆತಾಯಿಗಳ ಮೊರೆಯನ್ನು ತಳ್ಳಿಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಡಿಸೆಂಬರಿನ ಆರಂಭದಲ್ಲಿ ಬಾಲಕಿಯು ತೀರಿಕೊಂಡಳು. ಅವಳ ಹಾಸಿಗೆಯ ಬಳಿ ಕುಳಿತಿದ್ದ ಪಾಶ್ಚರನು ಕಣ್ಣೀರಿಡುತ್ತ ಹೊರಗೆ ಬಂದನು. ಜೋಸೆಫನಿಗೂ ಲೂಯಿಸಳಿಗೂ ದೊರೆತ ಮದ್ದು ಒಂದೇ. ಅವನು ಬಂದುದು ಎರಡನೆಯ ದಿನ, ಅವಳು ಬಂದುದು ಮೂವತ್ತೇಳನೆಯ ದಿನ. ಈ ಅಂತರದಲ್ಲಿಯೇ ಒಬ್ಬರ ಬದುಕೂ ಮತ್ತೊಬ್ಬರ ಮರಣವೂ ನಿರ್ಧಾರವಾಗಿ ಹೋಗಿದ್ದುವು.

ಮಾರನೆಯ ವರ್ಷ ರಷ್ಯಾ ದೇಶದ ಸ್ಮೊಲೆನ್ಸ್ಕ್ ಪ್ರಾಂತದಿಂದ ಹುಚ್ಚು ತೋಳ ಕಚ್ಚಿದ ಹತ್ತೊಂಬತ್ತು ಮಂದಿ ಪ್ಯಾರಿಸ್ಸಿಗೆ ಬಂದರು. ಅವರಲ್ಲಿ ಹದಿನಾರು ಮಂದಿ ಬದುಕಿ ತಾಯ್ನಾಡಿಗೆ ಮರಳಿದರು. ಪಾಶ್ಚರನ ವಿಧಾನವನ್ನು ಟೀಕಿಸಿದ ವೈದ್ಯರೂ ಇದ್ದರು. ಆದರೆ ಲೋಕದ ನಾನಾ ಕಡೆಗಳಿಂದ ಜನರು ಅವನ ಬಳಿಗೆ ಬರುತ್ತಲೇ ಇದ್ದರು. ಚಕ್ರವರ್ತಿಗಳೂ ಬಡವರೂ ನೀಡಿದ ಧನಸಹಾಯದಿಂದ 1888ರ ನವೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆಯು ಆರಂಭವಾಯಿತು. ಅಂದು ಪಾಶ್ಚರನ ದೇಹವು ತೀರ ಬಳಲಿತ್ತು. ಅವನ ಭಾಷಣವನ್ನು ಮಗನು ಓದಬೇಕಾಯಿತು. 1895ರ ಸೆಪ್ಟೆಂಬರ್ 28ರಂದು ಆ ಮಹಾನುಭಾವನು ಕಣ್ಮುಚ್ಚಿದನು. ಅವನ ಸಮಾಧಿಯು ಆ ಸಂಸ್ಥೆಯಲ್ಲಿಯೇ ಇದೆ. ಪ್ರತಿವರ್ಷವೂ ಆ ದಿನವನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸಲಾಗುತ್ತಿದೆ.

ಪಾಶ್ಚರನು ಹಚ್ಚಿದ ದೀಪವು ಭಾರತಕ್ಕೂ ಬಂದಿತು. 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಅವನ ಹೆಸರಿನ ಸಂಸ್ಥೆಗಳು ಸ್ಥಾಪನೆಯಾದುವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯನು 1911ರಲ್ಲಿ ಪ್ರಾಣಿಯ ಮಿದುಳಿನಿಂದ ಒಂದು ಲಸಿಕೆಯನ್ನು ಸಿದ್ಧಪಡಿಸಿದನು. ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂದು ಹಿರಿಯರು ಹೆದರಿಕೆಯಿಂದ ನೆನೆಯುವುದು ಇದನ್ನೇ. ಅದರ ಬಳಕೆ ನಮ್ಮ ದೇಶದಲ್ಲಿ 2005ರ ವೇಳೆಗೆ ನಿಂತುಹೋಯಿತು. ಅದರ ಬದಲು ಜೀವಕೋಶಗಳಲ್ಲಿ ಬೆಳೆಸಿ ತಯಾರಿಸಿದ ಸುರಕ್ಷಿತ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ ಒಮ್ಮೆ, ಆ ದಿನವನ್ನು ಬಿಟ್ಟು ಎಣಿಸಿದರೆ 3, 7 ಮತ್ತು 28ನೆಯ ದಿನಗಳಂದು ಒಮ್ಮೊಮ್ಮೆ, ಹೀಗೆ ನಾಲ್ಕು ಸಲ ಆಸ್ಪತ್ರೆಗೆ ಹೋದರೆ ಸಾಕು. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರೇಬೀಸ್ ಸಂಶೋಧನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವಾಗಿದೆ.

ಹೀಗಿದ್ದರೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಈ ರೋಗದಿಂದ ಸಾಯುತ್ತಾರೆಂದು ಅಂದಾಜು ಮಾಡಲಾಗಿದೆ. ಅವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಮದ್ದು ಇದ್ದೂ ಸಾವು ಸಂಭವಿಸುವುದೇಕೆ? ಬೆಂಗಳೂರಿನ ಹೊರವಲಯವನ್ನು ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕಾರ್ಖಾನೆಗಳೂ ಗಣಕಯಂತ್ರದ ಕಚೇರಿಗಳೂ ತಲೆಯೆತ್ತಿವೆ. ಅವುಗಳ ಬೆನ್ನಿಗೆ ಕಸದ ರಾಶಿಗಳು ಬೆಳೆದಿವೆ. ಕಸವಿದ್ದೆಡೆ ಬೀದಿನಾಯಿಗಳು ಸೇರುತ್ತವೆ. 2023ರಲ್ಲಿ ಮಹಾನಗರ ಪಾಲಿಕೆಯು ನಡೆಸಿದ ಸಮೀಕ್ಷೆಯಲ್ಲಿ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿವೆಯೆಂದು ಅಂದಾಜಾಯಿತು. ವೈಟ್‌ಫೀಲ್ಡನ್ನು ಒಳಗೊಂಡ ಮಹದೇವಪುರ ವಲಯದಲ್ಲಿಯೇ ಅವುಗಳ ಸಂಖ್ಯೆ ಎಲ್ಲಕ್ಕಿಂತ ಹೆಚ್ಚಾಗಿತ್ತು. ರಾತ್ರಿ ಪಾಳಿಯನ್ನು ಮುಗಿಸಿ ನಡೆದು ಬರುವ ಕಾರ್ಮಿಕರು, ದೂರದ ಊರುಗಳಿಂದ ಬಂದು ಶೆಡ್ಡುಗಳಲ್ಲಿ ವಾಸಿಸುವ ಕಟ್ಟಡ ಕೂಲಿಗಾರರು, ಬೀದಿಯಲ್ಲಿ ಆಡುವ ಅವರ ಮಕ್ಕಳು ನಾಯಿಯ ಬಾಯಿಗೆ ಸುಲಭವಾಗಿ ಸಿಕ್ಕುತ್ತಾರೆ. ಸಣ್ಣ ಗಾಯವೆಂದು ಅಲಕ್ಷಿಸುವುದು, ಅರಿಶಿನವನ್ನೋ ಸುಣ್ಣವನ್ನೋ ಖಾರದ ಪುಡಿಯನ್ನೋ ಮೆತ್ತುವುದು, ಮಂತ್ರ ಹಾಕಿಸಿ ಸುಮ್ಮನಾಗುವುದು, ಒಂದು ದಿನದ ಕೂಲಿ ತಪ್ಪುವುದೆಂದು ಎರಡನೆಯ ಚುಚ್ಚುಮದ್ದಿಗೆ ಹೋಗದಿರುವುದು, ಬೈಗುಳಕ್ಕೆ ಅಂಜಿ ಮಕ್ಕಳು ಕಚ್ಚಿದ ಸುದ್ದಿಯನ್ನೇ ಮುಚ್ಚಿಡುವುದು, ಇವೆಲ್ಲ ಅಮೂಲ್ಯವಾದ ಕಾಲವನ್ನು ಕಳೆದುಬಿಡುತ್ತವೆ.

ಆರ್ಬ್ವಾದ ಕಮ್ಮಾರನು ಕಾದ ಕಬ್ಬಿಣದಿಂದ ಮಾಡಲು ಹವಣಿಸಿದ ಕೆಲಸವನ್ನು ಇಂದು ಒಂದು ಸಾಬೂನಿನ ತುಂಡು ಅವನಿಗಿಂತ ಚೆನ್ನಾಗಿ ಮಾಡುತ್ತದೆ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆಯೊಂದಿದೆ. ಸಾಬೂನು ಅದನ್ನು ಒಡೆಯುತ್ತದೆ, ಹರಿಯುವ ನೀರು ವಿಷವನ್ನು ಕೊಚ್ಚಿಕೊಂಡು ಹೋಗುತ್ತದೆ. ಆದುದರಿಂದ ನಾಯಿ, ಬೆಕ್ಕು, ಕೋತಿ ಮೊದಲಾದವು ಕಚ್ಚಿದರೆ ಅಥವಾ ಪರಚಿದರೆ, ಕೂಡಲೇ ಗಾಯವನ್ನು ಕೊಳಾಯಿಯ ಕೆಳಗೆ ಹಿಡಿದು ಸಾಬೂನಿನಿಂದ ಕಾಲು ಗಂಟೆಯವರೆಗೆ ತೊಳೆಯಬೇಕು. ಕೊಳಾಯಿಯಿಲ್ಲದಿದ್ದರೆ ಚೊಂಬಿನಿಂದ ನೀರನ್ನು ಸುರಿಯುತ್ತಿರಬೇಕು. ಅನಂತರ ಪೊವಿಡೋನ್ ಅಯೊಡಿನ್‌ನಂತಹ ಕ್ರಿಮಿನಾಶಕವಿದ್ದರೆ ಹಚ್ಚಬಹುದು. ಬೇರೆ ಯಾವುದನ್ನೂ ಮೆತ್ತಬಾರದು, ಗಾಯವನ್ನು ಬಿಗಿಯಾಗಿ ಕಟ್ಟಲೂಬಾರದು. ತಡಮಾಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯವಾದರೆ, ವೈದ್ಯರು ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಲಸಿಕೆಯ ಬಲವು ದೇಹದಲ್ಲಿ ಹುಟ್ಟುವವರೆಗೆ ಅದು ಕಾವಲಾಗಿರುತ್ತದೆ. ನಾಯಿಗೆ ಹುಚ್ಚು ಹಿಡಿದಿದೆಯೇ ಎಂದು ನೋಡುತ್ತ ಲಸಿಕೆಯನ್ನು ಮುಂದೂಡುವುದು ಅಪಾಯಕರ. ಸಾಕಿದ ನಾಯಿ, ಎಳೆಯ ಮರಿ ಎಂಬ ನೆಪವೂ ಸಲ್ಲದು. ಸಾಬೂನಿನಿಂದ ತೊಳೆದೆವೆಂದು ಲಸಿಕೆಯನ್ನೂ, ಲಸಿಕೆಯಿದೆಯೆಂದು ತೊಳೆಯುವುದನ್ನೂ ಬಿಡಬಾರದು.

ನಾಯಿಗಳನ್ನು ಹೊಡೆದು ಕೊಲ್ಲುವುದರಿಂದ ಈ ರೋಗವು ತೊಲಗುವುದಿಲ್ಲ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ವರ್ಷವರ್ಷವೂ ಲಸಿಕೆ ಹಾಕುತ್ತ ಬಂದರೆ, ರೋಗವು ಒಂದರಿಂದ ಇನ್ನೊಂದಕ್ಕೆ ಹರಡುವುದು ನಿಲ್ಲುತ್ತದೆ. 2030ರ ವೇಳೆಗೆ ನಾಯಿಗಳಿಂದ ಬರುವ ರೇಬೀಸ್ ಮರಣವು ಭಾರತದಲ್ಲಿ ಇಲ್ಲವಾಗಬೇಕೆಂಬ ರಾಷ್ಟ್ರೀಯ ಯೋಜನೆಯನ್ನು 2021ರಲ್ಲಿ ಪ್ರಕಟಿಸಲಾಯಿತು.

ಪಾರ್ಶ್ವವಾಯು ಪೀಡಿತನಾದ ಒಬ್ಬ ವಿಜ್ಞಾನಿಯು, ತನ್ನ ಕಣ್ಣಿಗೆ ಎಂದೂ ಕಾಣದ ಶತ್ರುವಿನೊಡನೆ ಹೋರಾಡಿ, ಕಚ್ಚಿದ ಗಳಿಗೆಗೂ ರೋಗದ ಆರಂಭಕ್ಕೂ ನಡುವಿನ ಕಾಲವನ್ನು ಮನುಷ್ಯನ ವಶಕ್ಕೆ ತಂದುಕೊಟ್ಟನು. ಆ ಕಾಲವನ್ನು ಬಳಸಿಕೊಳ್ಳುವುದು ಮಾತ್ರ ಕಚ್ಚಿಸಿಕೊಂಡವರ ಮತ್ತು ಅವರ ಬಳಿ ಇರುವವರ ಕೈಯಲ್ಲಿದೆ. ಗೆಳೆಯನನ್ನೋ ತಂಗಿಯನ್ನೋ ನಾಯಿ ಕಚ್ಚಿದಾಗ ಹೆದರದೆ ಕೊಳಾಯಿಯ ಬಳಿಗೆ ಕರೆದೊಯ್ದು ಗಾಯವನ್ನು ತೊಳೆದು, ಮುಚ್ಚಿಡದೆ ಹಿರಿಯರಿಗೆ ತಿಳಿಸಿ ಆಸ್ಪತ್ರೆಗೆ ಹೊರಡಿಸುವ ವಿದ್ಯಾರ್ಥಿಯು ಪಾಶ್ಚರನ ಕೆಲಸವನ್ನೇ ಮುಂದುವರಿಸಿದಂತಾಗುತ್ತದೆ.